ಹನ್ನೆರಡು ಮತ್ತು ಎರಡು

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಒಂದು ಸರ್ಕಾರಿ ಫಾರಂ ತುಂಬ್ತಾ ಕೂತಿದ್ದೆ. ಇನ್ನೆರಡು ತಿಂಗಳಿಗೆ ನಮ್ಮನೆಗೆ ಪುಟ್ಟ ಪಾಪು ಬರ್ತಾ ಇದೆ! ಇಲ್ಲಿ ಜರ್ಮನಿಯಲ್ಲಿ 2007ರಿಂದ 'ಎಲ್ಟರ್ನ್‌ಗೆಲ್ಡ್' ಅಂತ ಒಂದು ವ್ಯವಸ್ಥೆ ಇದೆ. ಮಗು ನೋಡಿಕೊಳ್ಳೋಕೆ ರಜೆ ಹಾಕುವ ಅಪ್ಪ ಅಥವಾ ಅಮ್ಮನಿಗೆ, ಕೈಗೆ ಬರುತ್ತಿದ್ದ ಸಂಬಳದ ಸುಮಾರು ಮೂರರಲ್ಲಿ ಎರಡು ಭಾಗವನ್ನು ಸರ್ಕಾರ ಕೊಡುತ್ತೆ. ತಿಂಗಳಿಗೆ ಹೆಚ್ಚೆಂದರೆ 1800 ಯೂರೋ. ಒಬ್ಬರೇ ಹಾಕಿದರೆ 12 ತಿಂಗಳು. ಇನ್ನೊಬ್ಬರೂ ಕನಿಷ್ಠ ಎರಡು ತಿಂಗಳು ಹಾಕಿದರೆ ಒಟ್ಟು 14.

ಅಮ್ಮ 12, ಅಪ್ಪ 2 ಅಂತ ಟಿಕ್ ಮಾಡಿ ಮುಂದಿನ ಪುಟಕ್ಕೆ ಹೋದೆ. ನನ್ನಾಕೆ ಹಿಂದಿನಿಂದ ಬಗ್ಗಿ ನೋಡಿ, "ಇದನ್ನ ನಾವು ಯಾವಾಗ ಮಾತಾಡಿಕೊಂಡ್ವಿ?" ಅಂದಳು.

ನಾನು ಗಪ್ ಚುಪ್.

ತಮಾಷೆ ಅಂದ್ರೆ, ಅದೇ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ನಾನು ಸ್ತ್ರೀಸಮಾನತೆಯ ಬಗ್ಗೆ ದೊಡ್ಡ ಭಾಷಣ ಬಿಗಿದಿದ್ದೆ. ವರ್ಲ್ಡ್ ಎಕನಾಮಿಕ್ ಫೋರಂನ 2025ರ ಪಟ್ಟಿಯಲ್ಲಿ 148 ದೇಶಗಳಿವೆ. ಐಸ್‌ಲ್ಯಾಂಡ್ ಮೊದಲು, ಜರ್ಮನಿ 9, ನಮ್ಮ ಭಾರತ 131. ಸಹೋದ್ಯೋಗಿಯೊಬ್ಬ ಅದನ್ನೆತ್ತಿದ ಕೂಡಲೇ ನನಗೆ ದೇಶಪ್ರೇಮ ಉಕ್ಕಿತು ನೋಡಿ... "ನಮಗೆ 1966ರಲ್ಲೇ ಮಹಿಳಾ ಪ್ರಧಾನಿ, ನಿಮಗೆ ಮಹಿಳಾ ಚಾನ್ಸಲರ್ ಸಿಕ್ಕಿದ್ದು 2005ರಲ್ಲಿ. ಮನೆಗೆಲಸಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಅನ್ನೋ ಕಾನೂನು ಪಶ್ಚಿಮ ಜರ್ಮನಿಯಲ್ಲಿ 1977ರವರೆಗೂ ಇತ್ತು. ಬೆಂಗಳೂರಿನ ನನ್ನ ಹಳೇ ಟೀಮಿನಲ್ಲಿ ಹನ್ನೆರಡು ಜನಕ್ಕೆ ಐದು ಹೆಣ್ಮಕ್ಕಳಿದ್ರು, ಇಲ್ಲಿ ಹದಿನಾಲ್ಕಕ್ಕೆ ಒಬ್ಬಳು!"

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೇ ಬಿಟ್ಟದ್ದು ಬೇಕಾದಷ್ಟಿತ್ತು. ನಮ್ಮ ಸರ್ಕಾರವೇ 2019ರಲ್ಲಿ ಮಾಡಿದ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಹೆರಿಗೆ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿದರು, ಒಳ್ಳೇದೇ. ಆದರೆ ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಅಂದರೆ ಮಗು ಯಾರದ್ದು ಅಂತ ಕಾನೂನೇ ತೀರ್ಮಾನ ಮಾಡಿದ ಹಾಗೆ. ಜರ್ಮನಿಯಲ್ಲಿ ಕಾನೂನು ಬಾಗಿಲು ತೆರೆದಿಟ್ಟಿದೆ. ಆದರೂ ರಜೆ ಹಾಕುವ ಅಪ್ಪಂದಿರಲ್ಲಿ ಹೆಚ್ಚಿನವರು ಆ ಎರಡು ತಿಂಗಳಿಗೇ ಸುಸ್ತು. ನಾನೂ ಅದೇ ಸಾಲಿನಲ್ಲಿ ನಿಂತಿದ್ದೆ.

"ಲೆಕ್ಕ ನೋಡು, ನನ್ನ ಸಂಬಳ ಜಾಸ್ತಿ, ನಾನು ರಜೆ ಹಾಕಿದ್ರೆ ನಷ್ಟವೂ ಜಾಸ್ತಿ" ಅಂದೆ. ಲೆಕ್ಕವೇನೋ ಸರಿ. "ಜಾಸ್ತಿ ಹೇಗಾಯ್ತು?" ಅಂದಳು. ಇಬ್ಬರದ್ದೂ ಒಂದೇ ಕಾಲೇಜು, ಒಂದೇ ಬ್ರಾಂಚು, ಮಾರ್ಕ್ಸ್ ಅವಳದ್ದೇ ಜಾಸ್ತಿ. ಮದುವೆಯಾಗಿ ನನ್ನ ಹಿಂದೆ ಬಂದವಳು ಕೆಲಸ ಬಿಟ್ಟು, ಒಂದು ವರ್ಷ ಜರ್ಮನ್ ಕಲಿತು, ಮತ್ತೆ ಕೆಳಗಿನ ಮೆಟ್ಟಿಲಿಂದ ಶುರು ಮಾಡಿದಳು. ಆ ಒಂದು ವರ್ಷದ ಕಾರಣಕ್ಕೆ ಈಗ ಇನ್ನೊಂದು ವರ್ಷ. ಅದರ ಕಾರಣಕ್ಕೆ ಮುಂದೆ ಮತ್ತೊಂದು...

ರಾತ್ರಿ ಊರಿಗೆ ಫೋನ್ ಮಾಡಿ ಏಳು-ಏಳು ತಿಂಗಳು ಹಂಚಿಕೊಳ್ಳೋಣ ಅಂತಿದೀವಿ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಂಡಸು ಏಳು ತಿಂಗಳು ಮನೇಲಿ ಕೂತ್ರೆ ಕೆಲಸದ ಗತಿ ಏನೋ?" ಅಂದರು. ನಿಜ ಹೇಳ್ತೀನಿ, ನನಗೂ ಅದೇ ಭಯ. ಪ್ರಮೋಷನ್ ಕೈತಪ್ಪುತ್ತಾ, ವಾಪಸ್ ಹೋದಾಗ ನನ್ನ ಪ್ರಾಜೆಕ್ಟ್ ಇರುತ್ತಾ ಅಂತ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಅವಳ ಹೆಸರಿನ ಮುಂದೆ 12 ಅಂತ ಟಿಕ್ ಮಾಡುವಾಗ ಮಾತ್ರ ಇದ್ಯಾವುದೂ ನೆನಪಿಗೇ ಬಂದಿರಲಿಲ್ಲ.

ಫಾರಂ ತಿದ್ದಿದ್ದೀನಿ. ನಾಳೆ ಮ್ಯಾನೇಜರಿಗೆ ಹೇಳಬೇಕು, ಎದೆ ಢವಢವ. ನಮ್ಮ ದೇಶದ 131, ಜರ್ಮನಿಯ 9 ಹಾಗಿರಲಿ... ನಿಮ್ಮನೆಯ ಲೆಕ್ಕ ಎಷ್ಟಕ್ಕೆ ಎಷ್ಟು?