ಇನ್ನೆಷ್ಟು ತಲೆಮಾರು ನಾವು 'ಮತಾಂತರಿ'ಗಳು?



ಕಳೆದ ಅಂಬೇಡ್ಕರ್ ಜಯಂತಿಯ ದಿನ ಹಾಸ್ಟೆಲ್ ಅಂಗಳದಲ್ಲಿ ನಮ್ಮಲ್ಲೊಬ್ಬ ಪದ್ಯ ಓದಿದ. ಓದಿ ಕೆಳಗಿಳಿಯುವಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಸಾಬ್ರಿಗೇನಪ್ಪ ಇಲ್ಲಿ ಕೆಲಸ?" ಕೇಳಿದವನು ಮೇಲ್ಜಾತಿಯವನಲ್ಲ. ನಮ್ಮವನೇ. ನಮ್ಮಂಥದೇ ಹಟ್ಟಿಯಿಂದ ಬಂದವನು. ಜಾತಿವಾದಿ ಯಾವನಾದರೂ ಅಂದಿದ್ದರೆ ತಿರುಗಿ ಬೈದು ಮರೆತುಬಿಡ್ತಿದ್ವಿ. ಇವನು ಅಂದದ್ದಕ್ಕೆ ಇದನ್ನ ಬರೀಬೇಕಾಯ್ತು.

ನಮ್ಮ ತಾತ ಮಾದಿಗರ ಹಟ್ಟಿಯವನು. ಊರಲ್ಲಿ ಯಾರೇ ಸತ್ತರೂ ತಮಟೆ ಬಡಿಯೋದು, ದನ ಸತ್ತರೆ ಎಳೆಯೋದು ಅವನ ಪಾಲಿಗೆ ಬಂದ ಬಿಟ್ಟಿ. 1981ರ ಫೆಬ್ರವರಿ 19ರಂದು ತಮಿಳುನಾಡಿನ ಮೀನಾಕ್ಷಿಪುರದಲ್ಲಿ ಸುಮಾರು 180 ದಲಿತ ಕುಟುಂಬಗಳು ಇಸ್ಲಾಂ ಸೇರಿದವು. ದೇಶವೇ ಮುಳುಗಿತು ಅನ್ನೋ ಹಾಗೆ ಬೊಬ್ಬೆ ಎದ್ದಿತು. ಎಲ್ಲಾ ಕೊಲ್ಲಿ ದೇಶದ ದುಡ್ಡು ಅಂದರು. ಮೇಲ್ಜಾತಿಯವರ ದಬ್ಬಾಳಿಕೆ, ಪೊಲೀಸರ ಹಿಂಸೆ ತಡೀಲಾರದೆ ಹೋದ್ವಿ ಅಂತ ಆ ಜನ ಹೇಳಿದ್ದು ಎಷ್ಟು ಕಿವಿಗೆ ಬಿತ್ತೋ! ಇದಾದ ಎರಡು ವರ್ಷಕ್ಕೆ ನಮ್ಮ ತಾತ ಕಲ್ಮಾ ಓದಿದ. ಅವನಿಗೆ ಮೀನಾಕ್ಷಿಪುರದ ಹೆಸರೂ ಗೊತ್ತಿರಲಿಲ್ಲ. ತಾಲ್ಲೂಕು ಪಟ್ಟಣದ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಮಧ್ಯಾಹ್ನ ದೂರ ಕೂತು ಬುತ್ತಿ ಬಿಚ್ಚುತ್ತಿದ್ದವನನ್ನು ಜೊತೆಯ ಸಾಬರು ಕರೆದು ಕೂರಿಸಿಕೊಂಡರು. "ಒಂದೇ ತಟ್ಟೇಲಿ ಕೈ ಹಾಕಿ ತಿಂದ್ರು ಕಣ್ಲಾ, ನನ್ ಕೈ ಕಡೆ ನೋಡ್ಲೇ ಇಲ್ಲ" ಅಂತ ಸಾಯೋತನಕ ಹೇಳ್ತಿದ್ದ. ಅವನು ಮತ ಬಿಟ್ಟಿದ್ದಕ್ಕೆ ನಮಗೆ ಸಿಕ್ಕಿರುವ ಕಾರಣ ಇಷ್ಟೇ. ಇನ್ನು ಕೊಲ್ಲಿ ದೇಶದ ದುಡ್ಡು? ಅವನು ಬಿಟ್ಟುಹೋದದ್ದು ಒಂದು ತಳ್ಳುಗಾಡಿ, ಅದರ ಮೇಲಿನ ಸಾಲ.

ಅವನು ಸತ್ತ ದಿನದ ಮಾತು ಹೇಳಬೇಕು. ನಾವಿನ್ನೂ ಚಿಕ್ಕವರು. ಊರಲ್ಲಿ ನಮ್ಮ ಹೆಣಗಳಿಗೆ ಮೇಲಿನ ಕೇರಿಯ ದಾರಿ ಇರಲಿಲ್ಲ, ಕೆರೆಯ ಹಿಂದಿನಿಂದ ಸುತ್ತಿಕೊಂಡು ಒಯ್ಯಬೇಕಿತ್ತು. ಇಲ್ಲಿ ತಾತನ ಜನಾಜಾ ಪೇಟೆಯ ನಡುಬೀದಿಯಲ್ಲಿ ಹೋಯಿತು. ಹೆಸರೇ ಗೊತ್ತಿಲ್ಲದವರು ಅಂಗಡಿಯಿಂದ ಇಳಿದು ಬಂದು ಹತ್ತು ಹೆಜ್ಜೆ ಹೆಗಲು ಕೊಟ್ಟು ವಾಪಸು ಹೋಗ್ತಿದ್ದರು. ಅಪ್ಪ ಅತ್ತದ್ದು ಆಗ. ಸಾವಿಗಲ್ಲ, ಆ ಹೆಗಲುಗಳಿಗೆ ಅಂತ ಆಮೇಲೆ ಹೇಳಿದ.

ಆದರೆ ಹಟ್ಟಿಯಿಂದ ದೊಡ್ಡಪ್ಪನೂ ಬಂದಿದ್ದ. ಹೆಗಲಿಗೆ ತಮಟೆ. ಚಿಕ್ಕಪ್ಪನನ್ನ ತಮಟೆ ಇಲ್ಲದೆ ಕಳಿಸೋದುಂಟೇ ಅಂತ ಕಾಯಿಸಿಕೊಂಡೇ ತಂದಿದ್ದ. ಜಮಾತಿನ ಹಿರಿಯರು ಅದೆಲ್ಲ ನಡೆಯೋಲ್ಲ ಅಂದರು. ಜೋರು ಮಾಡಲಿಲ್ಲ, ಆದರೆ ಬಿಡಲೂ ಇಲ್ಲ. ದೊಡ್ಡಪ್ಪ ಖಬರಸ್ತಾನದ ಗೇಟಿನ ಹೊರಗೆ ತಮಟೆ ಹಿಡಿದು ನಿಂತೇ ಇದ್ದ. ಕಾದ ಚರ್ಮ ಆರಿಹೋಯಿತು. ಸಂಘಟನೆಯ ಗೆಳೆಯರಿಗೆ ಈ ಕತೆ ಹೇಳಿದರೆ, "ನೋಡಿದ್ರಾ, ಇಸ್ಲಾಂ ನಿಮ್ಮ ತಮಟೆ ಕಿತ್ಕೊಂಡ್ತು" ಅಂತಾರೆ. ಇರಬಹುದು. ಆದರೆ ತಾತನೇ ಅಪ್ಪನಿಗೆ ಮೊದಲೇ ಹೇಳಿದ್ದ: "ನನ್ ಸಾವಿಗೆ ಯಾರೂ ತಮಟೆ ಮುಟ್ಬೇಡಿ. ಬಡಿದಿದ್ದು ಸಾಕು." ನಮ್ಮ ಮೆರವಣಿಗೆಗಳಲ್ಲಿ ತಮಟೆ ಸಿಡಿದಾಗ ನಮಗೂ ಮೈ ಜುಂ ಅನ್ನುತ್ತೆ. ತಾತನಿಗೆ ಅದು ಬಿಟ್ಟಿಯ ಸದ್ದು. ತಾತ ಸರಿಯೋ, ಗೇಟಿನಾಚೆ ನಿಂತ ದೊಡ್ಡಪ್ಪ ಸರಿಯೋ ಅಂತ ಇವತ್ತಿಗೂ ಮನೇಲಿ ಜಗಳ ಆಡ್ತೀವಿ.

ಮಸೀದಿಯಲ್ಲಿ ಎಲ್ಲ ಸಮ ಅನ್ನೋದು ಸುಳ್ಳಲ್ಲ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ತೀವಿ. ಮುಂದಿನ ಸಾಲು ಯಾರಪ್ಪನ ಮನೆ ಆಸ್ತಿಯೂ ಅಲ್ಲ, ಮೊದಲು ಬಂದವನದು. ಆದರೆ ಅಕ್ಕನಿಗೆ ಗಂಡು ನೋಡಲು ಹೋದಾಗ "ಅಸಲಿಗೆ ಯಾವೂರು? ಯಾರ ಪೈಕಿ?" ಅಂತ ಕೇಳಿದರು. ನೌ-ಮುಸ್ಲಿಂ ಅಂತ ಗೊತ್ತಾದ ಮೇಲೆ ಮೂರು ಮನೆಯವರು ಚಹಾ ಕೊಟ್ಟು ಕಳಿಸಿದರು. ನಾಲ್ಕನೆಯವರು ಒಪ್ಪಿದರು, ಅವರೂ ನಮ್ಮ ಹಾಗೇ ಬಂದವರು. ಬಾಬಾಸಾಹೇಬರು ಪಾಕಿಸ್ತಾನದ ಬಗೆಗಿನ ಪುಸ್ತಕದಲ್ಲಿ 1901ರ ಬಂಗಾಳದ ಜನಗಣತಿ ವರದಿ ಮುಂದಿಟ್ಟು ಅಶ್ರಫ್, ಅಜ್ಲಫ್, ಅರ್ಜಲ್ ಅಂತ ಮುಸ್ಲಿಮರೊಳಗಿನ ಮೇಲು-ಕೀಳನ್ನು ಬಿಚ್ಚಿ ತೋರಿಸಿದ್ದಾರೆ. ಓದಿದಾಗ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಇದನ್ನ ಜಮಾತಿನ ಎದುರಲ್ಲೂ ಹೇಳ್ತೀವಿ, ಹೇಳಿ ಬೈಸಿಕೊಂಡೂ ಇದೀವಿ.

ಈಗ ಕಾಗದದ ವಿಷಯ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ನಿಮ್ಮಲ್ಲಿ ಎಷ್ಟು ಜನ ಓದಿದೀರಿ? ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತ ಅಲ್ಲಿ ಬರೆದರು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಅಂದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ದೀಕ್ಷೆ ತೆಗೆದುಕೊಂಡವರು ಕೇಂದ್ರದ ಪಟ್ಟಿಗೆ 34 ವರ್ಷ ಕಾದರು! ಮುಸ್ಲಿಂ, ಕ್ರೈಸ್ತ ದಲಿತರು ಇನ್ನೂ ಹೊರಗೇ. ರಂಗನಾಥ ಮಿಶ್ರ ಆಯೋಗ 2007ರಲ್ಲೇ ಮತದ ಈ ಅಡ್ಡಗೋಡೆ ತೆಗೆಯಿರಿ ಅಂದಿತು. ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ಕೂರಿಸಿದರು. ಇಲ್ಲಿ ನಮಗಿರುವುದು 2ಬಿ. 2023ರ ಮಾರ್ಚಿನಲ್ಲಿ ಆಗಿನ ಸರ್ಕಾರ ಅದನ್ನೂ ಕಿತ್ತುಹಾಕೋ ಆದೇಶ ಹೊರಡಿಸಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಜಾರಿಯಾಗದೆ ನಿಂತಿತು.

ಒಂದೇ ಮುತ್ತಾತನ ಮರಿಮಕ್ಕಳಲ್ಲಿ ದೊಡ್ಡಪ್ಪನ ಮಗನಿಗೆ ಹಾಸ್ಟೆಲ್ ಸೀಟು ಸಿಕ್ಕಿತು, ನಮ್ಮವನಿಗೆ ಸಿಗಲಿಲ್ಲ. ಅವನ ರೂಮಿನಲ್ಲೇ ಎರಡು ವರ್ಷ ಲೆಕ್ಕಕ್ಕಿಲ್ಲದ ಹುಡುಗನಾಗಿದ್ದು ಬಿ.ಎ. ಮುಗಿಸಿದ. ವಾರ್ಡನ್ ರೌಂಡ್ಸ್ ಬಂದರೆ ತಾರಸಿಯ ನೀರಿನ ಟ್ಯಾಂಕಿನ ಹಿಂದೆ. ಒಂದು ತಟ್ಟೆ ಮುದ್ದೆ ಇಬ್ಬರಿಗೆ. ತಾತ ಮಂಡಿಯಲ್ಲಿ ಕಂಡದ್ದೂ ಇಂಥದೇ ತಟ್ಟೆ. ಅದಕ್ಕೆ ಯಾವ ಮತವೂ ಬೇಕಾಗಲಿಲ್ಲ, ಅದನ್ನೂ ಒಪ್ಪಿಕೊಳ್ತೀವಿ.

ಹೋದ ವರ್ಷ ಊರಲ್ಲಿ ಬದುವಿನ ಜಗಳವಾದಾಗ ಪಕ್ಕದ ಜಮೀನಿನವನು ಅಪ್ಪನನ್ನು ಹಳೆಯ ಜಾತಿ ಹೆಸರು ಹಿಡಿದೇ ಬೈದ. ದೂರು ಕೊಡಲು ಹೋದರೆ, "ನೀವು ಈಗ ಎಸ್ಸಿ ಅಲ್ವಲ್ಲ ಸಾಬರೇ, ಅಟ್ರಾಸಿಟಿ ಹೆಂಗ್ ಹಾಕೋದು?" ಅಂದರು. ಬೈಯುವವನಿಗೆ ನಾವಿನ್ನೂ ಮಾದಿಗರು. ಠಾಣೆಗೆ ಮಾತ್ರ ಮುಸ್ಲಿಮರು!

"ಹೋಗೋದಾಗಿದ್ರೆ ಬುದ್ಧನ ಹತ್ರ ಹೋಗಬೇಕಿತ್ತು" ಅಂತ ಕೆಲವು ಗೆಳೆಯರು ಅಂತಾರೆ. 1935ರಲ್ಲಿ ಯೇವಲಾದಲ್ಲಿ 'ಹಿಂದುವಾಗಿ ಸಾಯಲಾರೆ' ಅಂದ ಬಾಬಾಸಾಹೇಬರೇ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಿ ದೀಕ್ಷೆ ತಗೊಳ್ಳೋಕೆ 21 ವರ್ಷ ತೆಗೆದುಕೊಂಡರು. ಅಷ್ಟು ಓದಿದವರಿಗೇ ಅಷ್ಟು ಕಾಲ ಬೇಕಾಯಿತು. ಹೆಬ್ಬೆಟ್ಟಿನ ಹಮಾಲಿ ಹತ್ತಿರವಿದ್ದ ಬಾಗಿಲು ತಟ್ಟಿದ, ಅದು ತೆರೆಯಿತು. ನಮಗೆ ನಮಾಜು ಹಿಡಿಸಿದೆ. ಬಾಬಾಸಾಹೇಬರೂ ಬೇಕು. ಎರಡೂ ಯಾಕಾಗಬಾರದು ಅಂತ ನಮಗೆ ಯಾರೂ ಇನ್ನೂ ತಿಳಿಯೋ ಹಾಗೆ ಹೇಳಿಲ್ಲ.

ಮುಂದಿನ ಅಧ್ಯಯನ ಶಿಬಿರದಲ್ಲಿ ಈ 3ನೇ ಪ್ಯಾರಾದ ಚರ್ಚೆಗೆ ಅರ್ಧ ದಿನ ಇಡಿ ಅಂತ ಸಂಚಾಲಕರನ್ನ ಕೇಳಿದ್ದೇವೆ. ಮೀಸಲಾತಿ ಹಂಚಿಹೋಗುತ್ತೆ ಅನ್ನುವ ಭಯ ಇರುವವರು ಬಂದು ಎದುರಿಗೇ ಹೇಳಲಿ, ಅದೇನೂ ಸಣ್ಣ ಭಯವಲ್ಲ. ಬರುವಾಗ ನಿಮ್ಮ ಹಾಸ್ಟೆಲ್ಲಿನಲ್ಲಿ ಹೀಗೆ ಲೆಕ್ಕಕ್ಕಿಲ್ಲದೆ ಉಣ್ಣುವ ಹುಡುಗರು ಎಷ್ಟು ಅಂತ ಎಣಿಸಿಕೊಂಡು ಬನ್ನಿ. ಕ್ರೈಸ್ತ ಹುಡುಗರನ್ನೂ ಸೇರಿಸಿ. ಹಿಂದಿನ ಸಾಲಿನಿಂದ ಪ್ರಶ್ನೆ ಕೇಳಿದ ಗೆಳೆಯನೂ ಬರಲಿ. ಮುಂದಿನ ಸಾಲಿನಲ್ಲಿ ಕೂರಲಿ.