ಅಪ್ಪನನ್ನು ಬೆಟ್ಟಕ್ಕೆ ಕರ್ಕೊಂಡು ಹೋಗೋ ಮುಂಚೆ ಇದನ್ನ ಓದಿ

1/6
ನಿಮ್ಮ ಫೀಡಲ್ಲೂ ಬಂದಿರುತ್ತೆ ಈ ರೀಲ್. ಹಿಂದೆ ಹಿಮದ ಬೆಟ್ಟ, ಮೇಲೆ ಬಣ್ಣದ ಬಾವುಟ, ಮಧ್ಯೆ ಮಂಕಿ ಕ್ಯಾಪ್ ಹಾಕಿದ ಅಪ್ಪ, ಪಕ್ಕದಲ್ಲಿ ಕಣ್ಣು ಒರೆಸ್ಕೊಳ್ತಿರೋ ಮಗ ಅಥವಾ ಮಗಳು. ಕೆಳಗೆ ಒಂದು ಸಾಲು: "ಅಪ್ಪನ ಕನಸು ನನಸು ಮಾಡಿದೆ." ನಾವೆಲ್ಲ ಹಾರ್ಟ್ ಒತ್ತಿ ಮುಂದೆ ಹೋಗ್ತೀವಿ.

ನನ್ನ ಹತ್ರಾನೂ ಅದೇ ಸಾಲು ರೆಡಿ ಇತ್ತು. ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್ಕಿಗೆ ಲುಕ್ಲಾದಲ್ಲಿ ವಿಮಾನ ಇಳಿಯೋ ಮುಂಚೆಯೇ ಬರೆದಿಟ್ಟಿದ್ದೆ. ಫೋಟೋ ಮಾತ್ರ ಬಾಕಿ. ಆ ಫೋಟೋ ಸಿಗಲೇ ಇಲ್ಲ. ಸಿಗದೇ ಇದ್ದದ್ದು ಒಳ್ಳೇದಾಯ್ತು ಅಂತ ಹೇಳೋಕೇ ಈ ಸರಣಿ. ಕೆಲವರಿಗೆ ಕೋಪ ಬರಬಹುದು. ಬರಲಿ.

2/6
ಮೊದಲ ಪ್ರಶ್ನೆ: ಕನಸು ಯಾರದ್ದು?

ನಮ್ಮಪ್ಪ ಕೆಇಬಿ ಲೈನ್‌ಮನ್ ಆಗಿ ನಿವೃತ್ತರಾದವರು. ಚಿಕ್ಕಮಗಳೂರಿನ ಮಳೆಯಲ್ಲಿ, ಕಾಫಿ ತೋಟಗಳ ನಡುವೆ ಕಂಬ ಹತ್ತಿ ಇಳಿದ ಕಾಲು ಅದು. ಎವರೆಸ್ಟ್ ಅಂದ್ರೆ ಅವರಿಗೆ ಗೊತ್ತಿದ್ದದ್ದು ಶಾಲೆಯಲ್ಲಿ ಓದಿದ ತೇನ್‌ಸಿಂಗ್ ಹೆಸರು. ಬೇಸ್ ಕ್ಯಾಂಪ್ ಅಂತ ಒಂದು ಜಾಗ ಇದೆ, ಹೋಗಿ ಬರೋಕೆ ಸುಮಾರು 130 ಕಿಲೋಮೀಟರ್ ನಡೀಬೇಕು ಅನ್ನೋದೆಲ್ಲ ನಾನು ಹೇಳಿದ ಮೇಲೆ ಗೊತ್ತಾಗಿದ್ದು. ಎಲ್ಲಾ ಕೇಳಿಸ್ಕೊಂಡು ಅವರು ಕೇಳಿದ್ದು ಒಂದೇ: "ನೀನೂ ಜೊತೇಲಿ ಇರ್ತೀಯಲ್ಲ ಪುಟ್ಟಿ?"

ಅವರಿಗೆ ಬೇಕಿದ್ದದ್ದು ಹನ್ನೆರಡು ದಿನ ಮಗಳ ಜೊತೆ. ನನಗೆ ಬೇಕಿದ್ದದ್ದು 5,364 ಮೀಟರ್. ಎರಡೂ ಒಂದೇ ಅಂದ್ಕೊಂಡು ಟಿಕೆಟ್ ಬುಕ್ ಮಾಡಿದೆ. ನೀವು ಬುಕ್ ಮಾಡೋ ಮುಂಚೆ ಇದನ್ನ ನಿಮ್ಮನ್ನೇ ಕೇಳ್ಕೊಳ್ಳಿ.

3/6
"ನಮ್ಮಪ್ಪ ಸ್ಟ್ರಾಂಗ್ ಇದ್ದಾರೆ, ನಿಮ್ಮ ಭಯ ನಿಮಗಿರಲಿ" ಅಂತೀರಾ? ನಾನೂ ಅದನ್ನೇ ಅಂದಿದ್ದೆ. ಮೂರು ತಿಂಗಳು, ಪ್ರತಿ ಭಾನುವಾರ ಅಪ್ಪನನ್ನ ಮುಳ್ಳಯ್ಯನಗಿರಿ ಹತ್ತಿಸಿದೆ. ಒಂದು ಸಲವೂ ಏದುಸಿರು ಬಿಡಲಿಲ್ಲ.

ಆದ್ರೆ ಲೆಕ್ಕ ನೋಡಿ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲುಕ್ಲಾದಲ್ಲಿ ವಿಮಾನ ಇಳಿಯೋ ಜಾಗವೇ 2,800 ಮೀಟರ್ ದಾಟಿದೆ. ಅಂದ್ರೆ ನಮ್ಮ ತುದಿ ಮುಗಿದು ಇನ್ನೂ ಮೇಲೆ ಆ ದಾರಿ ಶುರುವಾಗುತ್ತೆ. ಬೇಸ್ ಕ್ಯಾಂಪ್ ಹತ್ರ ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಮುಳ್ಳಯ್ಯನಗಿರಿ ಕಾಲಿಗೆ ಅಭ್ಯಾಸ ಕೊಡುತ್ತೆ. ತೆಳು ಗಾಳಿಗೆ ಅಭ್ಯಾಸ ಕೊಡಲ್ಲ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೂ ಬರುತ್ತೆ.

ಕೇಂದ್ರ ಸರ್ಕಾರದ ಕೈಲಾಸ ಮಾನಸ ಸರೋವರ ಯಾತ್ರೆಗೆ ವೈದ್ಯಕೀಯ ಪರೀಕ್ಷೆ ಪಾಸಾಗಲೇಬೇಕು. ಅಮರನಾಥಕ್ಕೂ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಬೇಸ್ ಕ್ಯಾಂಪ್ ದಾರೀಲಿ ನಿಮ್ಮ ಪರ್ಮಿಟ್ ನೋಡ್ತಾರೆ. ನಿಮ್ಮಪ್ಪನ ಬಿಪಿ ಯಾರೂ ನೋಡಲ್ಲ. ಅಲ್ಲಿ ಡಾಕ್ಟರ್ರೂ ನೀವೇ, ಚೆಕ್‌ಪೋಸ್ಟೂ ನೀವೇ.

4/6
ಟೆಂಗ್ಬೋಚೆ, 3,860 ಮೀಟರ್. ಅಪ್ಪನಿಗೆ ಅವತ್ತು ರಾತ್ರಿಯೇ ತಲೆನೋವು ಶುರುವಾಗಿತ್ತು. ನನಗೆ ಗೊತ್ತಿರಲಿಲ್ಲ. ಮರುದಿನ ಡಿಂಗ್ಬೋಚೆ, 4,410 ಮೀಟರ್. ದಾಲ್ ಭಾತ್ ತಟ್ಟೆ ಹಾಗೇ ಪಕ್ಕಕ್ಕಿಟ್ರು. "ಹಸಿವಿಲ್ಲ, ಮಧ್ಯಾಹ್ನದ್ದೇ ಜಾಸ್ತಿ ಆಯ್ತು." ನಂಬಿದೆ. ನಂಬೋದು ನನಗೆ ಅನುಕೂಲವಾಗಿತ್ತು.

ಬೆಳಿಗ್ಗೆ ಬೂಟಿನ ಲೇಸ್ ಕಟ್ಟೋಕೆ ಒದ್ದಾಡ್ತಿದ್ರು. ಜೀವಮಾನವಿಡೀ ಕಂಬದ ಮೇಲೆ ನಿಂತು ತಂತಿ ಬಿಗಿದ ಕೈ. ಅದನ್ನ ಮೊದಲು ಗಮನಿಸಿದ್ದು ನಾನಲ್ಲ, ಗೈಡ್. ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡಿದ್ರು. ಎರಡು ಸಲ ಕಾಲು ವಾಲಿತು. "ಕೆಳಗೆ. ಈಗಲೇ" ಅಂದ್ರು.

ಆಗ ನಾನು ಏನಂದೆ ಗೊತ್ತಾ? "ಇವತ್ತೊಂದು ದಿನ ಇಲ್ಲೇ ಇದ್ದು ನೋಡೋಣ್ವಾ?"

ಈ ಮಾತು ಬರೀತಾ ಈಗಲೂ ನಾಚಿಕೆ ಆಗುತ್ತೆ. ಎರಡು ಕಡೆ ಗೈಡ್, ಪೋರ್ಟರ್ ಹಿಡ್ಕೊಂಡು ಪಾಂಗ್ಬೋಚೆಗೆ ಇಳಿದ್ವಿ. ಮರುದಿನ ನಾಮ್ಚೆ. ಅಲ್ಲಿ ಅಪ್ಪನ ಜಾಕೆಟ್ ಜೇಬಲ್ಲಿ ನೋವಿನ ಮಾತ್ರೆಯ ಖಾಲಿ ಶೀಟ್ ಸಿಕ್ಕಿತು. ಕೇಳಿದ್ರೆ, "ನಿನ್ನ ದುಡ್ಡು ಹಾಳಾಗುತ್ತಲ್ಲ ಅಂತ ಸುಮ್ನಿದ್ದೆ."

5/6
ನಮ್ಮ ಮನೆಗಳಲ್ಲಿ "ನಂಗೇನಾಗಿಲ್ಲ" ಅನ್ನೋ ಮಾತಿಗೆ ಅರ್ಥವೇ ಬೇರೆ. ಜ್ವರ ಇದ್ದಾಗಲೂ ಅಡುಗೆ ಮಾಡೋ ಅಮ್ಮನ ಮಾತು ಅದು. ಹಲ್ಲುನೋವನ್ನ ಲವಂಗದಲ್ಲೇ ತಳ್ಳಿದ ಅಪ್ಪನ ಮಾತು ಅದು. ಮಕ್ಕಳ ಖರ್ಚು, ಮಕ್ಕಳ ರಜೆ, ಮಕ್ಕಳ ಖುಷಿ ಕೆಡಬಾರದು ಅಂತ ಅವರು ನೋವು ನುಂಗ್ತಾರೆ. ಊರಲ್ಲಿ ಅದು ನಡೆದುಹೋಗುತ್ತೆ. ನಾಲ್ಕು ಸಾವಿರ ಮೀಟರ್ ಮೇಲೆ ಪ್ರಾಣ ತೆಗೆಯುತ್ತೆ.

ಹಾಗಂತ "ವಯಸ್ಸಾದೋರಿಗೆ ಯಾಕಪ್ಪ ಬೆಟ್ಟ, ಮನೇಲಿ ರಾಮ ಕೃಷ್ಣ ಅಂತಿರಲಿ" ಅನ್ನೋರ ಜೊತೆಗೂ ನಾನಿಲ್ಲ. 2013ರಲ್ಲಿ ಜಪಾನಿನ ಯುಇಚಿರೊ ಮಿಯುರಾ 80ನೇ ವಯಸ್ಸಲ್ಲಿ ಎವರೆಸ್ಟ್ ಶಿಖರವನ್ನೇ ಹತ್ತಿದರು. ವಯಸ್ಸನ್ನ ಬೈಯಬೇಡಿ. ನಮ್ಮ ಅವಸರವನ್ನ ಬೈಯಿರಿ. ಹನ್ನೆರಡೇ ದಿನ ರಜೆ, ಹನ್ನೆರಡೇ ದಿನದ ಪ್ಯಾಕೇಜ್, ಒಂದು ದಿನ ಕೂಡ ಉಳಿಕೆ ಇಲ್ಲ. ಇಂಥ ಲೆಕ್ಕದಲ್ಲಿ "ಸಾಕು" ಅನ್ನೋಕೆ ಅಪ್ಪನಿಗೆ ಎಲ್ಲಿ ಜಾಗ ಬಿಟ್ಟಿದ್ದೀವಿ?

6/6
ಹೋಗಿ. ಖಂಡಿತ ಹೋಗಿ. ಆದ್ರೆ ಹೀಗೆ ಹೋಗಿ.

• ಮೊದಲು ಅವರ ಡಾಕ್ಟರ್ ಹತ್ರ. ಆಮೇಲೆ ಟಿಕೆಟ್.
• 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಂದು ವಿಶ್ರಾಂತಿ ದಿನ. ಅದರ ಮೇಲೆ ಎರಡು ದಿನ ಕೈಯಲ್ಲಿರಲಿ.
• "ಆಗುತ್ತಾ ಅಪ್ಪ?" ಅಂತ ಕೇಳಬೇಡಿ. ಆಗುತ್ತೆ ಅಂತಲೇ ಅಂತಾರೆ. ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ತಲೆ ಎಲ್ಲಿ ನೋಯ್ತಿದೆ ಅಂತ ಕೇಳಿ. ತಟ್ಟೆ ನೋಡಿ.
• ಮಾತ್ರೆಗಳೆಲ್ಲ ಒಂದೇ ಚೀಲದಲ್ಲಿ, ನಿಮ್ಮ ಹತ್ರ.
• ಅವರು ಮುಂದೆ, ನೀವು ಹಿಂದೆ.
• ತೂರಾಟ, ಗೊಂದಲ, ಕೂತಲ್ಲೇ ಏದುಸಿರು ಕಂಡ್ರೆ ವಾದ ಬೇಡ, ಇಳಿಯಿರಿ. ಈ ವಿಷಯದಲ್ಲಿ ಗೈಡ್ ಮಾತೇ ಕೊನೆ ಅಂತ ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ.

ಮೊದಲ ಸ್ಲೈಡಿನ ಫೋಟೋ ನಾಮ್ಚೆಯದ್ದು. ಹತ್ತುವಾಗ ಅಪ್ಪ ಅಲ್ಲಿ ನಿಂತು, "ಇಷ್ಟು ಎತ್ತರಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ?" ಅಂತ ಕೇಳಿದ್ರು. "ನಡೀರಿ ಅಪ್ಪ, ಲೇಟಾಗುತ್ತೆ" ಅಂದಿದ್ದೆ. ಇಳಿದು ಬಂದ ಮೇಲೆ ಗೈಡ್ ಜೊತೆ ಅರ್ಧ ದಿನ ಅದೇ ಮಾತು. ಥಾಮೆ ಕಡೆಯ ಸಣ್ಣ ಜಲವಿದ್ಯುತ್ ಘಟಕದಿಂದ ಅಂತ ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಎರಡು ಸಲ ಅನ್ನ ಹಾಕಿಸ್ಕೊಂಡ್ರು.

ಆ ಮುಖಕ್ಕೆ ನಾಮ್ಚೆ ಸಾಕಾಗಿತ್ತು. ನಿಮ್ಮಪ್ಪನಿಗೆ ಎಲ್ಲಿ ಸಾಕಾಗುತ್ತೆ? ನನಗೆ ಕಾಮೆಂಟ್ ಮಾಡೋದು ಆಮೇಲೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರನ್ನೇ ಕೇಳಿ.