ಹಳೆ ಕಾರಿಗೂ ಒಂದು ಡೈರಿ ಇಡಿ

ಉಪ್ಪಿನಕಾಯಿಗೆ ಬೂಷ್ಟು ಬಂತು, ದೋಸೆ ಕಾವಲಿಯಿಂದ ಏಳುವುದಿಲ್ಲ ಎಂಬ ಪ್ರಶ್ನೆಗಳ ನಡುವೆ ಈ ಸಲ ಕಾಪುವಿನ ಸೋದರಿಯೊಬ್ಬರಿಂದ ಬೇರೆಯೇ ಜಾತಿಯ ಕಾಗದ ಬಂದಿದೆ. ಅವರ ಮನೆಯಲ್ಲಿ 1998ರ ಮಾರುತಿ 800 ಉಂಟು. ಗಂಡ ಪರವೂರಿನಲ್ಲಿ. ವಾರಕ್ಕೆ ಎರಡು ಸಲ ಅತ್ತೆಯವರನ್ನು ಡಯಾಲಿಸಿಸ್‌ಗೆಂದು ಮಣಿಪಾಲಕ್ಕೆ ಕರೆದುಕೊಂಡು ಹೋಗುವುದು ಸೊಸೆಯದೇ ಕೆಲಸ.

"ಒಂದೊಂದು ದಿನ ಕೀ ತಿರುಗಿಸಿದ ಕೂಡಲೇ ಹೊರಡುತ್ತದೆ. ಮಳೆ ಬಂದ ಬೆಳಿಗ್ಗೆ ಜಪ್ಪಯ್ಯ ಅಂದರೂ ಇಲ್ಲ. ಹೊರಟ ದಿನವೂ ಇಂದ್ರಾಳಿ ದಾಟಿ ಏರು ಹತ್ತುವಾಗ ನಿಂತುಬಿಡುತ್ತದೆ. ಅರ್ಧ ಗಂಟೆ ಕಳೆದರೆ ಏನೂ ಆಗದವರ ಹಾಗೆ ಸ್ಟಾರ್ಟ್! ಬ್ಯಾಟರಿ, ಪ್ಲಗ್ ಎಲ್ಲ ಹೊಸತು ಹಾಕಿಸಿ ಆಯಿತು. ಇವರು ಗುಜರಿಗೆ ಹಾಕು ಅನ್ನುತ್ತಾರೆ. ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತಿರುತ್ತಾರೆ, ಹಿಂದೆ ಬಸ್ಸಿನವರ ಹಾರ್ನ್. ನನ್ನ ಕೈಕಾಲು ನಡುಗುತ್ತದೆ. ಏನು ಮಾಡಲಿ ಅಕ್ಕಾ?"

ತಂಗೀ, ಮೊದಲು ಒಂದು ಮಾತು. ನಿಮ್ಮ ಗಾಡಿಗೆ ಇರುವುದು ಒಂದು ಕಾಯಿಲೆ ಎಂದು ಎಲ್ಲರೂ ತಿಳಿದಿದ್ದಾರೆ. ಕಾಗದ ಎರಡು ಸಲ ಓದಿದಾಗ ನನಗೆ ಕಂಡದ್ದು ಎರಡು ಕಾಯಿಲೆ. ಮಳೆಯ ಬೆಳಿಗ್ಗೆ, ತಣ್ಣಗಿರುವಾಗ ಬರುವುದು ಒಂದು. ಬಿಸಿಯಾಗಿ ಏರು ಹತ್ತುವಾಗ ಬರುವುದು ಇನ್ನೊಂದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಇಷ್ಟು ದುಡ್ಡು ಹೋದದ್ದು. ಡಾಕ್ಟರು ಜ್ವರಕ್ಕೆ ಮದ್ದು ಕೊಡುವ ಮೊದಲು "ಯಾವಾಗ ಬರುತ್ತದೆ, ಚಳಿ ಉಂಟಾ, ಎಷ್ಟು ಹೊತ್ತು ಇರುತ್ತದೆ" ಎಂದು ಕೇಳುವುದಿಲ್ಲವೇ? ಗಾಡಿಗೂ ಅದೇ ಕೇಳಬೇಕು. ಗ್ಯಾರೇಜಿನ ಬಾಗಿಲಿಗೆ ಹೋದ ಕೂಡಲೇ ಅದು ಒಳ್ಳೆ ಮಗುವಿನ ಹಾಗೆ ಓಡುತ್ತದೆ. ಪಾಪ, ಮೆಕ್ಯಾನಿಕ್ ಆದರೂ ಏನು ಮಾಡಿಯಾನು, ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋಗುತ್ತಾನೆ.

ಬೆಳಗಿನ ಕಾಯಿಲೆಯಿಂದ ಶುರು ಮಾಡೋಣ. ಕೀ ತಿರುಗಿಸಿದಾಗ ಇಂಜಿನ್ ತಿರುಗುವುದೇ ಇಲ್ಲವೋ, ಅಥವಾ ಗರ್ರ್ ಎಂದು ತಿರುಗಿಯೂ ಹತ್ತಿಕೊಳ್ಳುವುದಿಲ್ಲವೋ? ಇದು ನೀವು ಬರೆದಿಲ್ಲ. ಬರೀ 'ಟಕ್' ಎಂದು ಶಬ್ದ ಬಂದು ದೀಪ ಮಂಕಾದರೆ ಕರೆಂಟು ಸರಿಯಾಗಿ ಹೋಗುತ್ತಿಲ್ಲ ಎಂದರ್ಥ. ಹೊಸ ಬ್ಯಾಟರಿ ಹಾಕಿದರೂ ಹೀಗಾಗುತ್ತದೆ. ಕಾಪುವಿನಲ್ಲಿ ನಿಮ್ಮ ಮನೆಯ ಕಿಟಕಿ ಸರಳಿಗೆ ತುಕ್ಕು ಹಿಡಿಸುವ ಉಪ್ಪುಗಾಳಿ ಬ್ಯಾಟರಿಯ ಕ್ಲಾಂಪನ್ನು ಬಿಟ್ಟೀತೇ? ಅಲ್ಲಿ ಬಿಳಿ, ಹಸಿರು ಪುಡಿ ಕೂತಿದ್ದರೆ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡ ಹಾಕಿ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ಸೋಡ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಪುಡಿ ಕಣ್ಣಿಗೆ, ಸೀರೆಗೆ ತಾಗದಂತೆ ನೋಡಿಕೊಳ್ಳಿ, ಅದರಲ್ಲಿ ಆಸಿಡ್ ಇರುತ್ತದೆ. ಒಣಗಿಸಿ ಬಿಗಿಮಾಡಿ, ಮೇಲಿನಿಂದ ವ್ಯಾಸಲೀನ್ ಸವರಿ. ಮೈನಸ್ ತಂತಿ ಹಾಕುವುದು ಕೊನೆಗೆ. ಅದೇ ತಂತಿ ಕೆಳಗೆ ಗಾಡಿಯ ಮೈಗೆ ಸೇರುವ ಜಾಗವನ್ನೂ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಕರಾವಳಿಯ ಗಾಡಿಗಳಲ್ಲಿ ಅದು ಒಳಗಿಂದೊಳಗೇ ತುಕ್ಕು ತಿಂದಿರುತ್ತದೆ.

ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ತೇವದ ಮೇಲೆ ಸಂಶಯಪಡಿ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯಿಂದ ಪ್ಲಗ್ಗುಗಳಿಗೆ ದಪ್ಪ ವೈರು ಹೋಗುತ್ತದೆ. ಆ ಡಬ್ಬಿಯ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ತೇವದಲ್ಲಿ ಕಿಡಿ ದಾರಿ ತಪ್ಪುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ, ಇನ್ನೊಬ್ಬರು ಸ್ಟಾರ್ಟ್ ಮಾಡುವಾಗ ದೂರದಿಂದ ನೋಡಿ, ಎಲ್ಲಾದರೂ ನೀಲಿ ಕಿಡಿ ಹರಿದಾಡಿದರೆ ಕಳ್ಳ ಅಲ್ಲೇ ಸಿಕ್ಕಿದ. ಇಂಜಿನ್ ಓಡುತ್ತಿರುವಾಗ ಆ ವೈರು ಮುಟ್ಟಬೇಡಿ, ಜೋರು ಶಾಕ್ ಹೊಡೆಯುತ್ತದೆ.

ಇನ್ನು ಇಂದ್ರಾಳಿಯ ಏರು. ಅಪಾಯ ಇರುವುದು ಇಲ್ಲೇ. ಇಲ್ಲಿ ನೀವು ಗಮನಿಸಬೇಕಾದದ್ದು ಗಾಡಿ ನಿಲ್ಲುವ ರೀತಿ. ಸ್ವಿಚ್ ಆಫ್ ಮಾಡಿದ ಹಾಗೆ ತಟಕ್ಕನೆ ನಿಂತರೆ ಹೆಚ್ಚಾಗಿ ಕರೆಂಟಿನ ದೋಷ. ಕೆಮ್ಮಿ, ಎಳೆದೆಳೆದು, ಬಲಗುಂದಿ ನಿಂತರೆ ಹೆಚ್ಚಾಗಿ ಪೆಟ್ರೋಲಿನದು.

ತಟಕ್ಕನೆ ನಿಂತು, ಆರಿದ ಮೇಲೆ ಹೊರಡುವುದಾದರೆ ಇಗ್ನಿಷನ್ ಕಾಯಿಲ್ ನೋಡಿಸಿ. ಬ್ಯಾಟರಿಯ 12 ವೋಲ್ಟನ್ನು ಕಿಡಿ ಹಾರುವಂತೆ ಸಾವಿರಾರು ವೋಲ್ಟಿಗೆ ಏರಿಸುವುದು ಅದೇ. ಒಳಗಿನ ತೆಳು ತಂತಿ ಹಳತಾದಾಗ ಬಿಸಿಗೆ ಬಿಟ್ಟುಕೊಳ್ಳುತ್ತದೆ, ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನಲ್ಲಿ ಎಲೆಕ್ಟ್ರಾನಿಕ್ ಭಾಗ ಇರುವ ಗಾಡಿಯಾದರೆ ಅದೂ ಇದೇ ಆಟ ಆಡುತ್ತದೆ. ಕಾಪುವಿನಿಂದ ಕಟಪಾಡಿ, ಉದ್ಯಾವರ ದಾಟಿ ಉಡುಪಿಯ ಗಡಿಬಿಡಿಯಲ್ಲಿ ನುಸುಳಿ ಇಂದ್ರಾಳಿಗೆ ಬರುವಾಗ ಅರ್ಧ ಗಂಟೆ ಹತ್ತಿರ ಆಗಿರುತ್ತದೆ. ಇಂಜಿನ್ ಚೆನ್ನಾಗಿ ಕಾದಿರುತ್ತದೆ, ಮೇಲಿಂದ ಏರು. ಕಾಯಿಲೆ ಹೊರಬರುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕೇ?

ನಮ್ಮ ಮನೆಯ ಮಾರುತಿಯೂ ಕಾರ್ಕಳಕ್ಕೆ ಹೋಗುವಾಗ ಹಿರಿಯಡಕ ಕಳೆದ ಮೇಲೆ ಹೀಗೇ ಕೈಕೊಡುತ್ತಿತ್ತು. ಮಣಿಪಾಲದವರೆಗೆ ಹೋಗಿ ಬಂದರೆ ಏನೂ ಇಲ್ಲ. ಒಂದು ಗ್ಯಾರೇಜಿನಲ್ಲಿ ಪ್ಲಗ್ಗು, ಪಂಪು ಬದಲಾಯಿಸಿದರು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರತಿಸಲ ಬರೆದಿಟ್ಟೆ. ನಮ್ಮವರು "ಕಾರಿಗೂ ಜಾತಕ ಬರೆಯುತ್ತೀಯಾ?" ಎಂದು ನಕ್ಕರು. ಬರೆದದ್ದನ್ನು ನೋಡಿದರೆ ನಿಂತದ್ದೆಲ್ಲ 25 ನಿಮಿಷ ಓಡಿದ ಮೇಲೆಯೇ, ಎಲ್ಲವೂ ತಟಕ್ಕನೆ. ಆ ಹಾಳೆ ನೋಡಿದ ಇನ್ನೊಬ್ಬ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ "ಕಾಯಿಲ್ ಇರಬೇಕು ಅಮ್ಮಾ" ಅಂದ. ಹೊಸ ಬ್ಯಾಟರಿಯ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ.

ಹಾಗೆಂದು ನಿಮ್ಮದೂ ಕಾಯಿಲೇ ಎಂದು ನಾನು ಇಲ್ಲಿಂದ ಹೇಳುವುದಿಲ್ಲ. ಗಾಡಿ ಕೆಮ್ಮಿ ನಿಂತರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. 'ಸುಯ್' ಎಂದು ಜೋರಾಗಿ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಹೊರಟರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಸೆಕೆಗಾಲದಲ್ಲಿ ಪಂಪಿನಲ್ಲೇ ಪೆಟ್ರೋಲು ಆವಿಯಾಗಿ ನಿಲ್ಲುವುದೂ ಉಂಟು. ಪದ್ಮಿನಿ ಕಾರಿನವರು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಬಟ್ಟೆ ಪಂಪಿಗೆ ಮಾತ್ರ, ವೈರಿನ ಮೇಲೆ ಬೇಡ. ಫಿಲ್ಟರ್, ಕಾರ್ಬುರೇಟರಿನ ಕಸ ತೆಗೆಸಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುವುದರಿಂದ ಹಳೆ ರಬ್ಬರ್ ಪೈಪುಗಳನ್ನೂ ನೋಡಿಸಿ, ಮೆತ್ತಗಾಗಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ತಡಮಾಡಬೇಡಿ.

ಗುಂಡಿಗೆ ಬಿದ್ದಾಗಲೆಲ್ಲ ಗಾಡಿ ಆಫ್ ಆಗುತ್ತದೆ ಎಂದು ಕಾರ್ಕಳದ ನಮ್ಮ ಅಕ್ಕನ ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿತ್ತು. ಕಾರಿನ ಕೀ ಜೊತೆಗೆ ಭಾವ ಮನೆಯದು, ಕಪಾಟಿನದು, ಪಂಪ್‌ಶೆಡ್ಡಿನದು ಎಂದು ಅರ್ಧ ಸೇರು ತೂಕದ ಗೊಂಚಲು ನೇತುಹಾಕಿದ್ದರು. ಆ ಭಾರಕ್ಕೆ ಸ್ವಿಚ್ಚೇ ಸವೆದಿತ್ತು!

ತಂಗೀ, ನಾಳೆಯೇ ಒಂದು ಪುಸ್ತಕ ಕಾರಿನಲ್ಲಿಡಿ. ತಾರೀಕು, ಮಳೆಯೋ ಬಿಸಿಲೋ, ಎಷ್ಟು ನಿಮಿಷ ಓಡಿತ್ತು, ಪೆಟ್ರೋಲ್ ಎಷ್ಟಿತ್ತು, ತಟಕ್ಕನೆಯೋ ಕೆಮ್ಮಿಯೋ, ಎಷ್ಟು ಹೊತ್ತಿಗೆ ಮತ್ತೆ ಹೊರಟಿತು, ಇಷ್ಟು ಸಾಕು. ಗಾಡಿ ಬಿಟ್ಟು ಬರಬೇಡಿ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ ಅದೇ ಏರು ಹತ್ತಿಸಿ. ನಿಂತ ಕೂಡಲೇ, ಬಿಸಿ ಆರುವ ಮೊದಲು, ಕಿಡಿ ಉಂಟೋ ಇಲ್ಲವೋ ಅವನು ನೋಡಲಿ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಲಿ, ಹಳತನ್ನು ಕೇಳಿ ತೆಗೆದಿಟ್ಟುಕೊಳ್ಳಿ. ಗುಜರಿಯ ಮಾತು ಆಮೇಲೆ. ತಳದ ತಗಡು ತುಕ್ಕಿಗೆ ತೂತುಬಿದ್ದಿದ್ದರೆ ನಿಮ್ಮವರು ಹೇಳುವುದೇ ಸರಿ. ಇಲ್ಲದಿದ್ದರೆ ಒಂದು ಕಾಯಿಲಿಗಾಗಿ ಕಾರು ಮಾರುವುದುಂಟೇ?

ಏರಿನಲ್ಲಿ ನಿಂತರೆ ಬ್ರೇಕ್ ಒಂದೆರಡು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ, ಹೆದರಬೇಡಿ. ಬಲವಾಗಿ ಒಂದೇ ಸಲ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕೂ ಇಂಡಿಕೇಟರ್ ಹಾಕಿ. ಬಸ್ಸಿನವರು ಹಾರ್ನ್ ಹೊಡೆದುಕೊಳ್ಳಲಿ. ಗಾಡಿಯ ಕಾಯಿಲೆ ಗೊತ್ತಾಗುವವರೆಗೆ ಡಯಾಲಿಸಿಸ್ ದಿನಗಳಿಗೆ ಮಾತ್ರ ಪರಿಚಯದ ರಿಕ್ಷಾದವರಿಗೋ ನೆರೆಮನೆಯವರಿಗೋ ಮೊದಲೇ ಹೇಳಿಡಿ, ಅತ್ತೆಯವರನ್ನು ಆ ಕಾರಿನಲ್ಲಿ ಕೂರಿಸಬೇಡಿ. ಪರೀಕ್ಷೆಗೆ ಉಳಿದ ಐದು ದಿನ ಉಂಟಲ್ಲ. ಎರಡು ವಾರದ ಹಾಳೆ ತುಂಬಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ.